ಬಸ್ಸಿಗೇ ಹೋಗೋಣ, ಬುತ್ತಿ ಕಟ್ಟಿಕೊಂಡೇ ಹೋಗೋಣ

ಮೊನ್ನೆ ರಾತ್ರಿ ನಮ್ಮ ಟ್ರೆಕಿಂಗ್ ಕ್ಲಬ್ಬಿನ ಹಳಬರ ಗ್ರೂಪಿಗೆ ಒಂದು ಮೆಸೇಜ್ ಬಂತು. ಈಗ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹುಡುಗರು ಹಾಕಿದ್ದು. ಈ ವರ್ಷದಿಂದ ಶನಿವಾರ, ಭಾನುವಾರದ ಟ್ರಿಪ್ಪಿಗೆ ಸರ್ಕಾರಿ ಬಸ್ ಬೇಡ, ಎಸಿ ಟೆಂಪೋ ಟ್ರಾವೆಲರ್ ಮಾಡೋಣ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹೊಲಿಸೋಣ, ಊಟ ಹೋಟೆಲಿನಿಂದ ತರಿಸೋಣ, ಒಬ್ಬ ಫೋಟೋಗ್ರಾಫರ್ ಇರಲಿ. ತಲೆಗೆ 2,200 ರೂಪಾಯಿ. ಮೊದಲ ಟ್ರಿಪ್ ಬಾದಾಮಿಗೆ. ಹಳಬರು ಏನಂತೀರಿ ಎಂದು ಕೇಳಿದ್ದಾರೆ.

ಕೇಳಿದ್ದಾರಲ್ಲ, ಅದೇ ಸಂತೋಷ. ಗ್ರೂಪಿನಲ್ಲಿ ಬರೆಯಲು ಹೋದೆ, ಉದ್ದವಾಯಿತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಬೇಡ. ದಯವಿಟ್ಟು ಬೇಡ.

ನಾನು 2014ರಲ್ಲಿ ಎಂಎಸ್ಸಿ ಗಣಿತ ಓದಲು ಬೆಳಗಾವಿಗೆ ಬಂದವಳು. ನಮ್ಮ ಊರು ಬಾಗಲಕೋಟೆ ಜಿಲ್ಲೆಯ ಸಣ್ಣ ಹಳ್ಳಿ. ಹಾಸ್ಟೆಲಿನಲ್ಲಿ ಮೊದಲ ಎರಡು ತಿಂಗಳು ಯಾರ ಜೊತೆಗೂ ಮಾತಿಲ್ಲ. ಭಾನುವಾರ ಬಂತೆಂದರೆ ಹೊಟ್ಟೆಯಲ್ಲಿ ಏನೋ ಸಂಕಟ. ಬಟ್ಟೆ ಒಗೆಯುವುದು, ಮಲಗುವುದು, ಸಂಜೆ ಅವ್ವನಿಗೆ ಫೋನು. ಅಂಥ ಒಂದು ಶುಕ್ರವಾರ ಕ್ಯಾಂಟೀನಿನ ಹತ್ತಿರ ಸೀನಿಯರ್ ಅಕ್ಕ ಒಬ್ಬರು ತಾವಾಗಿ ಬಂದು, "ನಾಡಿದ್ದು ಯಳ್ಳೂರು ಕೋಟೆಗೆ ಹೊಂಟೇವಿ, ಬರ್ತಿಯೇನ?" ಎಂದು ಕೇಳಿದರು. ಎಷ್ಟಾಗ್ತದ ಅಕ್ಕಾ ಎಂದೆ. "ಬಸ್ಸಿನ ರೊಕ್ಕ ಅಷ್ಟ. ಬುತ್ತಿ ನಿಂದ ನೀ ತಗೊಂಡು ಬಾ. ತರಾಕ ಆಗಲಿಲ್ಲಂದ್ರ ಹಂಗ ಬಾ."

ನನ್ನ ಹತ್ತಿರ ಇದ್ದದ್ದು ಹವಾಯಿ ಚಪ್ಪಲಿ. ಅದನ್ನೂ ಹೇಳಿಬಿಟ್ಟೆ. ಅಕ್ಕ ಏನೂ ಅನ್ನಲಿಲ್ಲ, ಕರೆದುಕೊಂಡು ಹೋಗಿ ಒಂದು ಗೋಣಿಚೀಲ ಬಿಚ್ಚಿದರು. ಕೋರ್ಸ್ ಮುಗಿಸಿ ಹೋದವರೆಲ್ಲ ಬಿಟ್ಟು ಹೋದ ಬೂಟುಗಳು. ಜೋಡಿ ಜೋಡಿಯಾಗಿ ಲೇಸು ಗಂಟು ಹಾಕಿ ಇಟ್ಟಿದ್ದರು. ನನ್ನ ಕಾಲಿಗೆ ಐದನೇ ನಂಬರ್ ಬೇಕು, ಅದರಲ್ಲಿ ಇದ್ದ ಎಲ್ಲಕ್ಕಿಂತ ಸಣ್ಣದು ಆರು. ಬೆರಳಿನ ಕಡೆ ಪೇಪರ್ ಮಡಚಿ ತುರುಕಿ, ಎರಡು ಸಾಕ್ಸ್ ಹಾಕಿಸಿ, ಹತ್ತು ಹೆಜ್ಜೆ ನಡೆಸಿ ನೋಡಿದರು. ಕಂದು ಬಣ್ಣದ ಕ್ಯಾನ್ವಾಸ್ ಬೂಟು. ಎಡಗಾಲಿನ ಹಿಮ್ಮಡಿಯ ಹತ್ತಿರ ಯಾರೋ ಮೊದಲೇ ದಾರದಿಂದ ಹೊಲಿದಿದ್ದರು. ಅದೇ ಬೂಟಿನಲ್ಲಿ ಎರಡು ವರ್ಷ ಗುಡ್ಡ ಹತ್ತಿದೆ. ಹೋಗುವಾಗ ತೊಳೆದು, ಒಣಗಿಸಿ, ಲೇಸು ಗಂಟು ಹಾಕಿ ಅದೇ ಚೀಲಕ್ಕೆ ಹಾಕಿ ಬಂದೆ.

ಈಗ ಲೆಕ್ಕ ಹಾಕಿ ನೋಡಿ. ಅವತ್ತು ಯಾರಾದರೂ ಬಂದು "ಸಾವಿರ ರೂಪಾಯಿ ಕೊಡು" ಎಂದಿದ್ದರೆ ನಾನು "ಅಕ್ಕಾ, ಇಂಟರ್ನಲ್ಸ್ ಅದಾವ" ಎಂದು ಹೇಳಿ ರೂಮಿಗೆ ಹೋಗಿಬಿಡುತ್ತಿದ್ದೆ. ರೊಕ್ಕ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರೀಕ್ಷೆ ಇದೆ ಅನ್ನುತ್ತಾರೆ, ಮೈಗೆ ಆರಾಮಿಲ್ಲ ಅನ್ನುತ್ತಾರೆ, ಊರಿಗೆ ಹೋಗಬೇಕು ಅನ್ನುತ್ತಾರೆ. ನೀವು "ಅವರಿಗೆ ಇಂಟರೆಸ್ಟ್ ಇಲ್ಲ" ಅಂದುಕೊಳ್ಳುತ್ತೀರಿ. ತಮ್ಮಂದಿರೇ, ತಂಗಿಯರೇ, ಇದೊಂದು ಮಾತು ನಂಬಿ. ಬರದವರಲ್ಲಿ ಅರ್ಧ ಜನಕ್ಕೆ ಬರಬೇಕು ಅಂತಲೇ ಇರುತ್ತದೆ.

ಬಾದಾಮಿ ಎಂದಿದ್ದೀರಲ್ಲ, ನಾವು ಹೋದ ಬಾದಾಮಿಯ ಕಥೆಯನ್ನೇ ಹೇಳುತ್ತೇನೆ. 2015ರ ಡಿಸೆಂಬರ್. ಇಪ್ಪತ್ನಾಲ್ಕು ಜನ. ಶನಿವಾರ ಬೆಳಗಿನ ಜಾವ ಕೇಂದ್ರ ಬಸ್ ನಿಲ್ದಾಣದಲ್ಲಿ ತಲೆ ಎಣಿಸಿ ಹತ್ತಿದ್ದೆವು. ಉಳಿದುಕೊಳ್ಳಲು ಲಾಡ್ಜ್ ಮಾಡಲಿಲ್ಲ. ಬಾದಾಮಿ ಹತ್ತಿರದ ಹಳ್ಳಿಯ ಹುಡುಗನೊಬ್ಬ ನಮ್ಮ ಜೊತೆ ಇದ್ದ. ಅವರ ಮನೆಯಲ್ಲೇ ಉಳಿದೆವು. ಹುಡುಗಿಯರಿಗೆ ಪಡಸಾಲೆ, ಹುಡುಗರಿಗೆ ಮಾಳಿಗೆ. ಅವನ ಅವ್ವ ಮತ್ತು ಚಿಗವ್ವ ಸೇರಿ ರೊಟ್ಟಿ ಬಡಿದರು, ನಾವು ನಾಲ್ಕು ಜನ ಒಲೆಯ ಮುಂದೆ ಕುಳಿತು ಉಳ್ಳಾಗಡ್ಡಿ ಹೆಚ್ಚಿದೆವು. ಇಡೀ ಟ್ರಿಪ್ಪಿಗೆ ತಲೆಗೆ 500 ರೂಪಾಯಿ ದಾಟಲಿಲ್ಲ. ಆ ಪಟ್ಟಿ ಬರೆದಿಟ್ಟ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ.

ಭಾನುವಾರ ಬೆಳಿಗ್ಗೆ ಅಗಸ್ತ್ಯತೀರ್ಥ ಕೆರೆಯ ದಂಡೆಯಿಂದ ಶುರು ಮಾಡಿದೆವು. ಬಾದಾಮಿಯ ಬಂಡೆ ಗೊತ್ತಲ್ಲ, ಕೆಂಪು ಮರಳುಗಲ್ಲು, ಬಿಸಿಲೇರಿದರೆ ಕೈ ಇಡಲು ಆಗುವುದಿಲ್ಲ, ಸಡಿಲು ಮರಳಿನ ಮೇಲೆ ಕಾಲಿಟ್ಟರೆ ಸರ್ರನೆ ಜಾರುತ್ತದೆ. ನಮ್ಮಲ್ಲಿ ಒಂದು ನಿಯಮ ಇತ್ತು. ಎಲ್ಲರಿಗಿಂತ ಜೋರಾಗಿ ನಡೆಯುವ ಇಬ್ಬರು ಎಲ್ಲರಿಗಿಂತ ಹಿಂದೆ ಇರಬೇಕು. ಕೊನೆಯವರು ನಿಂತರೆ ಎಲ್ಲರೂ ನಿಲ್ಲಬೇಕು. ಕೊನೆಯವರು ಬಂದು ಮುಟ್ಟಿದ ತಕ್ಷಣ ಹೊರಡುವಂತಿಲ್ಲ, ಅವರೂ ಕುಳಿತು ನೀರು ಕುಡಿದು ಎದ್ದ ಮೇಲೆಯೇ ಹೊರಡಬೇಕು. ಇದು ಬಹಳ ಕಡೆ ತಪ್ಪುತ್ತದೆ. ಮುಂದಿನವರು ಹದಿನೈದು ನಿಮಿಷ ಆರಾಮ ಮಾಡಿ, ಹಿಂದಿನವರ ಮುಖ ಕಂಡ ಕೂಡಲೇ ಎದ್ದು ನಡೆದರೆ ದಣಿದವರಿಗೆ ಆರಾಮವೇ ಸಿಗುವುದಿಲ್ಲ. ಸುಸ್ತಾಗಿ, ಅವಸರ ಮಾಡಿ, ಅವರೇ ಕಾಲು ಜಾರಿಸಿಕೊಳ್ಳುತ್ತಾರೆ.

ಅವತ್ತು ಕೊನೆಯಲ್ಲಿ ಇದ್ದವನು ಇಂಡಿ ಕಡೆಯ ಹುಡುಗ. ಕನ್ನಡ ಎಂಎ. ಮಾತು ಕಡಿಮೆ. ಅವನೂ ಚೀಲದ ಬೂಟಿನವನೇ. ಕೆರೆಯ ಈಶಾನ್ಯದ ಕಡೆ ತಟ್ಟುಕೋಟಿಯ ಹತ್ತಿರ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700ರದು. ನಾವೆಲ್ಲ ನೋಡಿದೆವು, ಹಳೆಯ ಅಕ್ಷರ, ಏನು ತಿಳಿಯಬೇಕು? ಮುಂದೆ ಹೊರಟಿದ್ದೆವು. ಇವನು ನಿಂತೇಬಿಟ್ಟ. ನಿಯಮದ ಪ್ರಕಾರ ನಾವೂ ನಿಂತೆವು. ಅವನು ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ, ಬೆರಳಿನ ಗೆಣ್ಣಿನ ಮೇಲೆ ಗಣ ಎಣಿಸುತ್ತ ಬಾಯಿಪಾಠ ಹೇಳಿದ. ಆಮೇಲೆ ನಮ್ಮ ಕಡೆ ತಿರುಗಿ, "ಇದು ತ್ರಿಪದಿ ರೀ. ನಮ್ಮವ್ವ ಬೀಸುವಾಗ ಹಾಡ್ತಾಳಲ್ಲ, ಅದ ಅಳತಿ" ಎಂದ.

ಎಂಟೆಕ್ ಓದುವ ಗೆಳೆಯನೊಬ್ಬ ಬಂದಿದ್ದ, "ಏನು ಹಾಡ್ತಾರ ನಿಮ್ಮವ್ವ?" ಎಂದು ಕೇಳಿದ. ಅಲ್ಲೇ, ಬಿಸಿಲಿನಲ್ಲಿ ನಿಂತು, ಆ ಹುಡುಗ ತನ್ನ ಅವ್ವನ ಬೀಸುವ ಪದ ಹಾಡಿದ. ಅಷ್ಟು ದಿನಗಳಲ್ಲಿ ಅವನ ದನಿಯನ್ನು ನಾವು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ನಮ್ಮ ಅಜ್ಜಿಯೂ ಬೀಸುತ್ತ ಹಾಡುತ್ತಿದ್ದಳು, ನನಗೂ ಕಿವಿಯಲ್ಲಿ ಇತ್ತು ಆ ದಾಟಿ. ಆದರೆ ಸಾವಿರದ ಮುನ್ನೂರು ವರ್ಷದ ಹಿಂದಿನ ಬಂಡೆಯ ಮೇಲೆ ಇರುವುದೂ ಅದೇ ದಾಟಿ ಎಂದು ನನಗೆ ಯಾವ ಪುಸ್ತಕವೂ ಹಾಗೆ ಹೇಳಿಕೊಟ್ಟಿರಲಿಲ್ಲ. ನಾನು ಅತ್ತುಬಿಟ್ಟೆ.

2,200 ರೂಪಾಯಿ ಎಂದಿದ್ದರೆ ಆ ಹುಡುಗ ಅವತ್ತು ಬಾದಾಮಿಯಲ್ಲಿ ಇರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಇರುತ್ತಿದ್ದ.

ಬುತ್ತಿಯ ಮಾತೂ ಹೇಳಬೇಕು. ಹೋಟೆಲ್ ಊಟ ತರಿಸಿದರೆ ಎಲ್ಲರ ಕೈಯಲ್ಲೂ ಒಂದೇ ಡಬ್ಬಿ. ಎಲ್ಲರೂ ತಮ್ಮ ತಮ್ಮ ಡಬ್ಬಿ ಹಿಡಿದು ತಮ್ಮ ತಮ್ಮ ಗೆಳೆಯರ ಜೊತೆ ಕೂರುತ್ತಾರೆ. ಬುತ್ತಿ ಹಾಗಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋದಾಗ ಹೇಗೆ ಉಣ್ಣುತ್ತೇವೆ, ಹಾಗೆ. ಒಂದು ಬಟ್ಟೆ ಹಾಸಿ ಎಲ್ಲ ಗಂಟು ಬಿಚ್ಚುವುದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಬೆಳಗಾವಿಯ ಮರಾಠಿ ಮನೆಯ ಗೆಳತಿ ತಂದ ಥಾಲಿಪೀಠ, ಯಾರದೋ ಮನೆಯ ಶೇಂಗಾ ಹೋಳಿಗೆ. ಹಾಸ್ಟೆಲಿನವರು ಹಸಿ ಸೌತೆಕಾಯಿ, ಬಾಳೆಹಣ್ಣು ತರುತ್ತಿದ್ದರು. ಯಾರ ರೊಟ್ಟಿ ಯಾರ ಕೈಗೆ ಹೋಯಿತು ಗೊತ್ತೇ ಆಗುತ್ತಿರಲಿಲ್ಲ. ಮಂಗಗಳ ಕಡೆ ಒಬ್ಬರು ಕೋಲು ಹಿಡಿದು ಕಾಯಬೇಕಿತ್ತು, ಬಾದಾಮಿಯಲ್ಲಂತೂ ಜಾಸ್ತಿ.

ಬಸ್ಸಿನಲ್ಲಿ ಹೋದರೆ ಹುಡುಗಿಯರಿಗೆ ಸುರಕ್ಷಿತ ಅಲ್ಲ ಎಂದು ಒಬ್ಬರು ಬರೆದಿದ್ದರು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಅಪ್ಪನೂ "ಯಾರ ಕೂಡ ಹೊಂಟೀದಿ, ಎಷ್ಟ ಹೊತ್ತಿಗೆ ಬರ್ತಿ?" ಎಂದು ಕೇಳಿದ್ದರು. ಆ ಅಕ್ಕನೇ ಫೋನ್ ಮಾಡಿ, ಬಸ್ಸಿನ ಟೈಮ್, ತಮ್ಮ ನಂಬರ್ ಎಲ್ಲ ಕೊಟ್ಟು ಮಾತಾಡಿದರು. ಅಪ್ಪ ಒಪ್ಪಿದ್ದು ಗಾಡಿ ನೋಡಿ ಅಲ್ಲ, ಆ ಮಾತು ಕೇಳಿ. ಕತ್ತಲಾಗುವ ಮೊದಲು ಕೆಳಗೆ ಇಳಿದಿರಬೇಕು, ಮೂರು ಗಂಟೆಗೆ ಎಲ್ಲಿದ್ದರೂ ವಾಪಸ್ಸು ತಿರುಗಬೇಕು. ಇದನ್ನು ಪಾಲಿಸಿದರೆ ಕೊನೆಯ ಬಸ್ ತಪ್ಪುವುದಿಲ್ಲ. ಈಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಒಳಗೆ ಹುಡುಗಿಯರಿಗೆ ಟಿಕೆಟ್ಟಿನ ರೊಕ್ಕವೇ ಇಲ್ಲ. ನಮಗೆ ಇಲ್ಲದ ಅನುಕೂಲ ನಿಮಗೆ ಇದೆ. ಇಂಥ ಹೊತ್ತಿನಲ್ಲಿ ಅವರಿಂದ 2,200 ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಗಾಡಿ ಬೇಕಾಗುವ ಕಡೆ ಬೇಕೇ ಬೇಕು, ಅದನ್ನು ಒಪ್ಪುತ್ತೇನೆ. ಖಾನಾಪುರದ ಕಾಡಿನ ಕಡೆ ಹೋದರೆ ಕ್ರೂಸರ್ ಮಾಡಿ. ಅಲ್ಲಿಯ ಭೀಮಗಡ 2011ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬಾರದು. ಕರಡಿ ಇದೆ, ಚಿರತೆ ಇದೆ, ಮಳೆಗಾಲದಲ್ಲಿ ಹಳ್ಳ ಒಮ್ಮೆಲೇ ಏರುತ್ತದೆ. ಅಲ್ಲಿಗೆ ಸ್ಪೀಕರ್ ಹಾಕಿಕೊಂಡು ಮೂವತ್ತು ಜನ ಹೋಗುವುದು ಯಾರಿಗೂ ಒಳ್ಳೆಯದಲ್ಲ. ವರ್ಷಕ್ಕೆ ಒಂದು ಅಂಥ ಟ್ರಿಪ್ ಇಟ್ಟುಕೊಳ್ಳಿ. ಅದರ ಖರ್ಚಿಗೆ ಹಳಬರು ನಾವು ಕೈಜೋಡಿಸುತ್ತೇವೆ, ಯಾರ ಪಾಲನ್ನು ಯಾರು ಕೊಟ್ಟರು ಎಂದು ಗ್ರೂಪಿನಲ್ಲಿ ಹಾಕುವುದು ಬೇಡ. ಉಳಿದ ಭಾನುವಾರಗಳಿಗೆ ಯಳ್ಳೂರು ಕೋಟೆ, ಸವದತ್ತಿ ಪಕ್ಕದ ಪರಸಗಡ, ಗೊಡಚಿನಮಲ್ಕಿ, ಗೋಕಾಕ ಸಾಲದೇ?

ನೀವು ಕ್ಲಬ್ ಎಂದರೆ ಟ್ರಿಪ್ ಅಂದುಕೊಂಡಿದ್ದೀರಿ. ನನಗೆ ಅದು ಬೇರೆ. 2018ರಲ್ಲಿ ನಮ್ಮ ಅಪ್ಪ ತೀರಿಕೊಂಡರು. ರಾತ್ರಿ ಗ್ರೂಪಿನಲ್ಲಿ ಒಂದೇ ಸಾಲು ಬರೆದಿದ್ದೆ. ಬೆಳಗಾಗುವಷ್ಟರಲ್ಲಿ ಹನ್ನೊಂದು ಜನ ನಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದರು. ಮಣ್ಣು ಕೊಟ್ಟು, ಅವ್ವನ ಹತ್ತಿರ ಕುಳಿತು, ಸಂಜೆಯ ಬಸ್ಸಿಗೆ ಹೋದರು. ಇಂಡಿಯ ಆ ಹುಡುಗನೂ ಬಂದಿದ್ದ. ಅವತ್ತೂ ಅವನು ಏನೂ ಮಾತಾಡಲಿಲ್ಲ. ಕೊಡ ತಗೊಂಡು ಹೋಗಿ, ಬಂದ ಬೀಗರಿಗೆಲ್ಲ ಕೈಕಾಲಿಗೆ ನೀರು ಕೊಡುತ್ತ ನಿಂತಿದ್ದ.

ಆ ಬೂಟಿನ ಚೀಲ ಈಗ ಎಲ್ಲಿದೆ? ಯಾರ ರೂಮಿನಲ್ಲಿದೆ ಹುಡುಕಿ, ಹೇಳಿ. ನನ್ನ ಎರಡು ಜೋಡಿ ಬೂಟು ಒಗೆದು ಇಟ್ಟಿದ್ದೇನೆ. ಪರಸಗಡಕ್ಕೆ ಹೋಗುವ ಭಾನುವಾರ ತಿಳಿಸಿ, ಸವದತ್ತಿ ಬಸ್ಸಿಗೆ ಬಂದು ಕೊಡುತ್ತೇನೆ. ಮೂವತ್ತು ರೊಟ್ಟಿ, ಗುರೆಳ್ಳು ಚಟ್ನಿ ನಂದು. ಮೊಸರು ಯಾರು ತರುತ್ತೀರಿ ನೋಡಿಕೊಳ್ಳಿ.