ಟೈಮ್‌ಔಟ್ ಹಾಕಿದ್ರ ಡೆಡ್‌ಲಾಕ್ ಹೋಗೂದಿಲ್ರಿ

ಮ್ಯೂಟೆಕ್ಸಿಗೆ (ಒಂದು ಹೊತ್ತಿಗೆ ಒಂದ ಥ್ರೆಡ್ ಹಿಡಿಯೂವಂಥ ಲಾಕ್) ಟೈಮ್‌ಔಟ್, ಅಂದ್ರ ಕಾಯೂದಕ್ಕ ಗಡುವು, ಹಾಕಿದರೆ ಡೆಡ್‌ಲಾಕ್ ಚಿಂತೆ ಮುಗೀತು ಅಂತ ಬರದೀರಿ ಸರ್. ಇದನ್ನ ಒಪ್ಪಾಕ ಆಗೂದಿಲ್ಲ. ನಾವು ಹುಬ್ಬಳ್ಳ್ಯಾಗ ಎಪಿಎಂಸಿ ಅಂಗಡಿಗಳಿಗೆ ತೂಕ-ಬಿಲ್ಲಿನ ಸಾಫ್ಟ್‌ವೇರ್ ಮಾಡ್ತೀವಿ. ಒಂದು ಥ್ರೆಡ್ (ಪ್ರೋಗ್ರಾಮಿನಾಗ ಬ್ಯಾರೆಯವುಗಳ ಜೋಡಿ ಒಟ್ಟಿಗೆ ಓಡೂ ಕೆಲಸ) ತೂಕದ ಲಾಕ್ ಹಿಡದು ಬಿಲ್ಲಿನ ಲಾಕಿಗೆ ಕಾಯತೈತಿ, ಇನ್ನೊಂದು ಬಿಲ್ಲಿಂದು ಹಿಡದು ತೂಕದ್ದಕ್ಕ. ಎರಡೂ ಕಾಯ್ಕೋತ ನಿಂತ ಬಿಡತಾವ, ಇದ ಡೆಡ್‌ಲಾಕ್. ಟೈಮ್ ಮುಗಿದ ಮ್ಯಾಲೂ ಕೈಯಾಗಿನ ಲಾಕ್ ಬಿಡದ ಮತ್ತ ಕೇಳಿದ್ರ ಏನು ಬಂತು? ಬಿಟ್ಟು, ಎರಡೂ ಒಂದ ಹೊತ್ತಿಗೆ ಮತ್ತ ಕೇಳಿದ್ರೂ ಅದ ತಿಕ್ಕಾಟ. ಹಿಡದದ್ದು ಬಿಡಬೇಕು, ಒಂದೊಂದು ಥ್ರೆಡ್ ಬ್ಯಾರೆ ಬ್ಯಾರೆ ಹೊತ್ತು ಕಾದು ಕೇಳಬೇಕು. ಅದಕ್ಕೂ ಮೊದಲು, ಎಲ್ಲಾ ಥ್ರೆಡ್ ಒಂದ ಕ್ರಮದಾಗ ಲಾಕ್ ಹಿಡಿಯೂಹಂಗ ಬರೀರಿ. ಟೈಮ್‌ಔಟ್ ಆಮ್ಯಾಲಿನ ಮಾತು.

ಇನ್ನೊಂದು ನೀವು ಬಿಟ್ಟೀರಿ. ಲಿನಕ್ಸಿನಾಗ ಟೈಮ್‌ಔಟ್ ಹಾಕಿ ಲಾಕ್ ಕೇಳೂ ಫಂಕ್ಷನ್, ಪಿಥ್ರೆಡ್ ಮ್ಯೂಟೆಕ್ಸ್ ಟೈಮ್ಡ್‌ಲಾಕಿಗೆ ಕೊಡೂದು "ಇಷ್ಟು ಸೆಕೆಂಡ್" ಅಲ್ಲ, "ಇಂಥಾ ಹೊತ್ತಿನ ತನಕ", ಅದೂ ರಿಯಲ್‌ಟೈಮ್ ಗಡಿಯಾರದ, ಅಂದ್ರ ಸಿಸ್ಟಮ್ ಟೈಮಿನ, ಲೆಕ್ಕದಾಗ. ಯಾರರೆ ಸಿಸ್ಟಮ್ ಟೈಮ್ ಹಿಂದ ಸರಿಸಿದ್ರ ಕಾಯೂದೂ ಅಷ್ಟು ಉದ್ದ ಆಕ್ಕೈತಿ. 2019ರ ಜಿಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) 2.30ರಿಂದ ಮೊನೊಟಾನಿಕ್, ಅಂದ್ರ ಹಿಂದ ಸರಿಯದ, ಗಡಿಯಾರ ಆರಿಸಾಕ ಬರೂವಂಥ ಪಿಥ್ರೆಡ್ ಮ್ಯೂಟೆಕ್ಸ್ ಕ್ಲಾಕ್‌ಲಾಕ್ ಐತಿ, ಹೊಸಾ ಕೋಡಿನಾಗ ಅದನ್ನ ಬಳಸ್ರಿ. ಮತ್ತ ರಿಟರ್ನ್ ವ್ಯಾಲ್ಯೂ ನೋಡದ ಮುಂದ ಹೋಗಬ್ಯಾಡ್ರಿ: ಟೈಮ್‌ಔಟ್ ಅಂತ ಬಂದ್ರ ಲಾಕ್ ನಿಮ್ಮ ಕೈಯಾಗ ಇಲ್ಲ, ಅನ್‌ಲಾಕ್ ಮಾಡಾಕೂ ಹೋಗಬಾರದು.