ಲೀಕ್ ಆಯ್ತೋ, ಲೀಕ್ ಮಾಡಿದ್ರೋ?

ಈ ಲೀಕ್ ಅನ್ನೋ ಪದಾನ ನಾವು ಎಲ್ಲದಕ್ಕೂ ಅಂಟಿಸಿಬಿಟ್ಟಿದೀವಿ. ನಲ್ಲಿ ಲೀಕು, ಗ್ಯಾಸ್ ಲೀಕು, ಕ್ವೆಶ್ಚನ್ ಪೇಪರ್ ಲೀಕು, ಯಾರದೋ ಪ್ರೈವೇಟ್ ಫೋಟೋ ಲೀಕು. ನನಗೆ ತಕರಾರಿರೋದು ಈ ಕೊನೆಯ ಎರಡರ ಮೇಲೆ.

ನಲ್ಲಿ ತೊಟ್ಟಿಕ್ಕಿದ್ರೆ ಯಾರನ್ನ ಬೈತೀರಿ? ಒಳಗಿನ ವಾಷರ್ ಸವೆದಿರುತ್ತೆ, ಎಷ್ಟು ತಿರುಗಿಸಿದ್ರೂ ಹನಿ ನಿಲ್ಲಲ್ಲ, ಅಷ್ಟೇ. ಗ್ಯಾಸೂ ಹಾಗೇ. ಎಲ್‌ಪಿಜಿಗೆ ಸ್ವಂತ ವಾಸನೆ ಅಂತ ಇಲ್ವೇ ಇಲ್ಲ, ಸೋರಿದ್ರೆ ಮೂಗಿಗೆ ಗೊತ್ತಾಗ್ಲಿ ಅಂತಾನೇ ಮರ್ಕ್ಯಾಪ್ಟನ್ ಅನ್ನೋ ನಾತದ ಕೆಮಿಕಲ್ ಬೆರೆಸ್ತಾರೆ, ಅನುಮಾನ ಬಂದ್ರೆ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ನೋಡಿ, ಎಲ್ಲಿ ಗುಳ್ಳೆ ಏಳುತ್ತೋ ಅಲ್ಲೇ ಲೀಕು (ಕಡ್ಡಿ ಗೀರಿ ನೋಡೋ ಶೂರರೂ ಇದಾರೆ, ದಯವಿಟ್ಟು ಬೇಡ).

ಆದ್ರೆ ಪೇಪರಿಗೆ ಯಾವ ವಾಷರ್ ಇದೆ ರೀ? ಯಾರೋ ಸೀಲ್ ಒಡೆದಿರ್ತಾರೆ, ಮೊಬೈಲಲ್ಲಿ ಫೋಟೋ ಹೊಡ್ಕೊಂಡಿರ್ತಾರೆ, ದುಡ್ಡು ಎಣಿಸ್ಕೊಂಡಿರ್ತಾರೆ, ಸುದ್ದೀಲಿ ಮಾತ್ರ ‘ಲೀಕ್ ಆಗಿದೆ’! ಅದು ಕಳ್ಳತನ, ಮಾರಾಟ. ಕಂಪನಿಗಳೂ ಅಷ್ಟೇ, ಸರ್ವರಿಗೆ ಪಾಸ್‌ವರ್ಡೇ ಹಾಕದೆ ಬಿಟ್ಟಿರ್ತಾರೆ, ಆಮೇಲೆ ‘ಡೇಟಾ ಲೀಕ್ ಆಗಿದೆ, ವಿಷಾದಿಸ್ತೀವಿ’ ಅಂತ ಒಂದು ಮೇಲ್. ಆ ‘ಆಗಿದೆ’ ಅನ್ನೋದ್ರಲ್ಲಿ ಮಾಡಿದೋನು ಸಲೀಸಾಗಿ ಮಾಯ.

ಪ್ರೋಗ್ರಾಮರ್‌ಗಳ ಮೆಮೊರಿ ಲೀಕ್ ಇನ್ನೂ ಮಜಾ, ಅಲ್ಲಿ ಏನೂ ಹೊರಗೇ ಹೋಗಲ್ಲ, ಪ್ರೋಗ್ರಾಂ ತಗೊಂಡ ಮೆಮೊರಿನ ವಾಪಸ್ ಕೊಡದೆ ಇಟ್ಕೊಳ್ತಾ ಹೋಗಿ ಕೊನೆಗೆ ಸಿಸ್ಟಮ್ಮೇ ಹ್ಯಾಂಗು.

ಎಲ್ಲಾ ಲೀಕೂ ಕೆಟ್ಟದ್ದು ಅಂತಾನೂ ಅಲ್ಲ. ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕ ಸರ್ಕಾರ ಜನರಿಂದ ಮುಚ್ಚಿಟ್ಟಿದ್ದ ಸುಮಾರು 7000 ಪುಟಗಳ ವರದೀನ, ಅದನ್ನ ಬರೆದ ತಂಡದಲ್ಲೇ ಇದ್ದ ಡೇನಿಯಲ್ ಎಲ್ಸ್‌ಬರ್ಗ್ ಕದ್ದುಮುಚ್ಚಿ ಜೆರಾಕ್ಸ್ ಮಾಡಿ ಪತ್ರಿಕೆಗೆ ಕೊಟ್ರು, 1971ರಲ್ಲಿ ಅದು ಅಚ್ಚಾಯ್ತು. ‘ಲೀಕ್ ಆಯ್ತು’ ಅಂತ ನುಣುಚಿಕೊಳ್ಳಲಿಲ್ಲ ಆ ಮನುಷ್ಯ, ಕೊಟ್ಟಿದ್ದು ನಾನೇ ಅಂತ ಹೇಳಿ ತಾವಾಗೇ ಶರಣಾದ್ರು. ಆಗಿನ ಅಮೆರಿಕ ಅಧ್ಯಕ್ಷ ನಿಕ್ಸನ್ ಕಡೆಯವರು ಲೀಕ್ ನಿಲ್ಲಿಸೋಕೆ ಒಂದು ಗುಟ್ಟಿನ ತಂಡ ಕಟ್ಟಿದ್ರು, ಅದರ ಹೆಸರೇ ‘ಪ್ಲಂಬರ್ಸ್’, ತಮಾಷೆ ಅಲ್ಲ! ಈ ಪ್ಲಂಬರ್‌ಗಳು ಎಲ್ಸ್‌ಬರ್ಗ್ ತೋರಿಸಿಕೊಳ್ತಿದ್ದ ಮನೋವೈದ್ಯರ ಆಫೀಸಿಗೇ ನುಗ್ಗಿದ್ರು, ಅದೂ ಬಯಲಾಗಿ 1973ರಲ್ಲಿ ಎಲ್ಸ್‌ಬರ್ಗ್ ಮೇಲಿದ್ದ ಕೇಸನ್ನ ಕೋರ್ಟೇ ವಜಾ ಮಾಡ್ತು.