ಬದನೆಕಾಯಿ ಬಿಟ್ಟವರು, ಚಿಪ್ಸ್ ತಿಂದವರು

ನಿನ್ನೆ ರಾಣೆಬೆನ್ನೂರಿನಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಬೆಂಗಳೂರಿನಿಂದ ಬಂದ ಬೀಗರ ಕಡೆಯವರೊಬ್ಬರು ಕೂತಿದ್ದರು. ಹುಡುಗ ಎಣ್ಣೆಗಾಯಿ ತಂದ. ಇವರು ಎಲೆಗೆ ಕೈ ಅಡ್ಡ ಹಿಡಿದರು. "ಬೇಡ ಬೇಡ, ಬದನೆಕಾಯೆಲ್ಲ ಈಗ ಜಿಎಂ." ಜಿಎಂ ಅಂದರೆ ಲ್ಯಾಬಿನಲ್ಲಿ ಜೀನ್ ಬದಲಿಸಿದ ಬೆಳೆ. ಹುಡುಗ ನನ್ನ ಮುಖ ನೋಡಿದ. ಅವರ ಪಾಲಿಂದೂ ನನಗೇ ಹಾಕಪ್ಪ ಅಂದೆ.

ಮಾತಾಡಬಾರದು ಅಂದುಕೊಂಡೆ. ಬಯಾಲಜಿ ಮೇಡಂ ಮದುವೇಲೂ ಪಾಠ ಶುರು ಮಾಡಿದಳು ಅಂತ ನಮ್ಮವರು ಆಡಿಕೊಳ್ಳುತ್ತಾರೆ, ನಿಮಗೆ ಗೊತ್ತೇ ಇದೆ. ಸುಮ್ನೆ ರೊಟ್ಟಿ ಮುರಿದೆ. ಸಂಜೆ ನೋಡಿದರೆ ಅದೇ ಮಹಾನುಭಾವರು ಮಗನ ಜೊತೆ ಕೂತು ಚಿಪ್ಸ್ ಪೊಟ್ಟಣ ಖಾಲಿ ಮಾಡುತ್ತಿದ್ದಾರೆ. ತಡೆಯಲಾಗಲಿಲ್ಲ. ಪೊಟ್ಟಣ ಇಸಕೊಂಡು ಹಿಂದೆ ತಿರುಗಿಸಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: ಹತ್ತಿಬೀಜದ ಎಣ್ಣೆ.

ಬಿಟಿ ಬದನೆ, ಅಂದರೆ ಕಾಯಿಕೊರಕ ಹುಳ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಜಿಎಂ ಬದನೆ, ಬೆಳೆದು ಮಾರಲು ಭಾರತದಲ್ಲಿ ಇವತ್ತಿಗೂ ಅನುಮತಿ ಇಲ್ಲ. ಬಿಟಿ ಹತ್ತಿಗೆ 2002ರಲ್ಲೇ ಸಿಕ್ಕಿತು. ಈಗ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಅದೇ. ಅರಳೆ ಬಟ್ಟೆಯಾಗುತ್ತದೆ, ಸರಿ. ಬೀಜ ಎಲ್ಲಿ ಹೋಗುತ್ತದೆ? ಗಾಣಕ್ಕೆ. ಎಣ್ಣೆ ಬಾಣಲೆಗೆ, ಹಿಂಡಿ ಎಮ್ಮೆಗೆ. ಇನ್ನೂ ಮಜಾ ಕೇಳಿ. ಬದನೆಗೆ ಸೇರಿಸಿದ್ದ ಕ್ರೈ1ಎಸಿ ಅನ್ನುವ ಜೀನ್, ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದದ್ದು, ಮೊದಲು ಹತ್ತಿಗೆ ಬಂದಿದ್ದೂ ಅದೇ. ಬದನೆಯ ವಿಷಯದಲ್ಲಿ 2010ರಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರಲ್ಲಿ ಸಭೆ ಮಾಡಿ ಜನರನ್ನು ಕೇಳಿದರು. ಕೂಗಾಟ ಆಯಿತು, ಫೆಬ್ರುವರಿ 9ಕ್ಕೆ ತಡೆ ಬಿತ್ತು. ಹತ್ತಿಯ ವಿಷಯದಲ್ಲಿ ತಿನ್ನುವವರನ್ನು ಯಾರು ಕೇಳಿದರು? ಅದು ಬಟ್ಟೆಯ ಬೆಳೆ ತಾನೆ!

ನನ್ನ ಸಿಟ್ಟು ಇಷ್ಟೇ. ಕೇಳಲ್ಲ, ಹೇಳೋದೂ ಇಲ್ಲ.

ಜಿಎಂ ಅಂದರೆ ವಿಷ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ, ಕೈ ಮುಗಿಯುತ್ತೇನೆ. ಅಪ್ಪ ಹತ್ತಿ ಬೆಳೆಯುತ್ತಿದ್ದರು. ಕಾಯಿಕೊರಕದ ಕಾಟಕ್ಕೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದು ಹೊಡೆದು, ರಾತ್ರಿ ಬಂದು ಊಟ ಸೇರದೆ ಮಲಗುತ್ತಿದ್ದದ್ದು ನೆನಪಿದೆ. ಬಿಟಿ ಬಂದ ಮೊದಲ ಕೆಲವು ವರ್ಷ ಆ ಪಂಪು ಅಟ್ಟದ ಮೇಲಿತ್ತು. ನನ್ನ ಬಿಎಡ್ ಫೀಸು ಆ ಹತ್ತಿಯದೇ. ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು, ಪಂಪು ಕೆಳಗಿಳಿಯಿತು. ಅದು ಬೇರೆ ಕಥೆ.

ಅಣ್ಣನ ಮಗ ಲ್ಯಾಬಿನಲ್ಲಿ ಕೆಲಸ ಮಾಡುವವನು. ನಿನ್ನೆ ಅಲ್ಲೇ ನನ್ನ ಮೇಲೆ ಬಿದ್ದ. "ಅತ್ತೆ, ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನೂ ಇರಲ್ಲ, ಡಿಎನ್‌ಎನೂ ಇರಲ್ಲ. ಬೇರೆ ಹತ್ತಿ ಎಣ್ಣೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ." ನಿಜ ಕಣಪ್ಪ, ಒಪ್ಪಿದೆ. ಹಾಗಾದರೆ ಬರೆಯಲು ಯಾಕೆ ಇಷ್ಟು ಸಂಕೋಚ? ಜಿಎಂ ಆಹಾರ ಇರುವ ಪೊಟ್ಟಣದ ಮುಂಭಾಗದಲ್ಲಿ ಮೇಲೆಯೇ 'ಜಿಎಂ' ಅಂತ ಹಾಕಬೇಕು ಅನ್ನುವ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂತು. ಇಷ್ಟು ವರ್ಷದಲ್ಲಿ ನಮ್ಮೂರ ಯಾವ ಅಂಗಡಿಯಲ್ಲೂ ಆ ಎರಡಕ್ಷರ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಬಿದ್ದಿದ್ದರೆ ಫೋಟೋ ಹಾಕಿ, ಎಣ್ಣೆಗಾಯಿ ಊಟ ನನ್ನ ಲೆಕ್ಕದಲ್ಲಿ.

ಕೇಳದೇ ಮಾಡೋದು ತಿನ್ನುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಬಿಟಿ ಮಾಡಲು ತಗೊಂಡ ಬದನೆ ತಳಿಗಳಲ್ಲಿ ನಮ್ಮ ಉಡುಪಿ ಗುಳ್ಳವೂ ಇತ್ತು. ವಾದಿರಾಜರು ಕೊಟ್ಟ ಬೀಜ ಅಂತ ಮಟ್ಟು ಊರಿನವರು ನಂಬಿ ಕಾಪಾಡಿಕೊಂಡು ಬಂದದ್ದು. ಸ್ಥಳೀಯ ತಳಿಗಳನ್ನು ಬಳಸುವ ಮೊದಲು ಜೀವವೈವಿಧ್ಯ ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆಯಲಿಲ್ಲ ಅನ್ನುವ ಆರೋಪ ಕೋರ್ಟು ಮೆಟ್ಟಿಲೇರಿತು. ಐನೂರು ವರ್ಷದ ಬೀಜ ಅನ್ನುತ್ತಾರೆ. ಮನೆಗೆ ಬಂದು ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತಿತ್ತು?

ಈಗ ಅಕ್ಕಿಯ ಸರದಿ. 2025ರ ಮೇನಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿ ಘೋಷಣೆ ಆಯಿತು. ಅದರಲ್ಲಿ 'ಕಮಲಾ' ಅನ್ನುವುದು ಸಾಂಬಾ ಮಸೂರಿಯಿಂದ ಬಂದದ್ದು, ಅಂದರೆ ಗಂಗಾವತಿ, ಸಿಂಧನೂರು ಕಡೆಯವರ ಬಾಯಲ್ಲಿ ಬಿಪಿಟಿ. ಹೊರಗಿನ ಜೀನ್ ಸೇರಿಸಿಲ್ಲ, ಇದ್ದದ್ದನ್ನೇ ತಿದ್ದಿದ್ದು, ಆದ್ದರಿಂದ ಜಿಎಂಗೆ ಇರುವ ಬಿಗಿ ಪರೀಕ್ಷೆಯಿಂದ 2022ರಲ್ಲೇ ವಿನಾಯಿತಿ. ವಿಜ್ಞಾನದ ಲೆಕ್ಕದಲ್ಲಿ ತಪ್ಪು ಅನಿಸಲ್ಲ. ಇಳುವರಿ ಬಂದರೆ ಸಂತೋಷವೇ. ಆದರೆ ಚೀಲದ ಮೇಲೆ ಒಂದು ಸಾಲು ಬರುತ್ತದಾ? ನನಗಂತೂ ನಂಬಿಕೆ ಇಲ್ಲ.

ಇಲ್ಲೊಂದು ತಪ್ಪೊಪ್ಪಿಗೆ. ದ್ವಿತೀಯ ಪಿಯು ಬಯಾಲಜಿಯಲ್ಲಿ ಬಯೋಟೆಕ್ನಾಲಜಿ ಪಾಠದ ಕೊನೆಗೆ 'ನೈತಿಕ ಪ್ರಶ್ನೆಗಳು' ಅಂತ ಒಂದು ಪುಟ್ಟ ಭಾಗ ಇದೆ. ಬಿಟಿ ಹತ್ತಿ, ಇನ್ಸುಲಿನ್ ಎಲ್ಲ ಬೋರ್ಡ್ ತುಂಬ ಬರೆದು ಪಾಠ ಮಾಡುವವಳು, ಅದು ಬಂದಾಗ "ಮನೇಲಿ ಓದಿಕೊಳ್ಳಿ, ಜಾಸ್ತಿ ಮಾರ್ಕ್ಸ್ ಇಲ್ಲ" ಅಂದುಬಿಡುತ್ತೇನೆ. ಎಷ್ಟು ಬ್ಯಾಚಿಗೆ ಹಾಗೆ ಹೇಳಿದೆನೋ. ಚಿಪ್ಸ್ ತಿನ್ನುತ್ತಿದ್ದ ಆ ಅಪ್ಪ ಯಾವುದೋ ಮೇಡಂನ ಅಂಥದೇ ಬ್ಯಾಚಿನ ಹುಡುಗನಿರಬೇಕು.

"ಬರೆದರೆ ಜನ ಹೆದರಿ ಕೊಳ್ಳೋದೇ ಇಲ್ಲ ಅತ್ತೆ." ಅಣ್ಣನ ಮಗನ ಕೊನೇ ಬಾಣ ಇದು. ನಾನು ಅಲ್ಲಿ ಏನೂ ಹೇಳಲಿಲ್ಲ. ರಾತ್ರಿ ಮನೆಗೆ ಬಂದು ಅವ್ವನ ಇನ್ಸುಲಿನ್ ಬಾಟಲಿ ಫ್ರಿಜ್ಜಿನಿಂದ ತೆಗೆದೆ. ಅದರ ಮೇಲೆ ಮುಚ್ಚುಮರೆ ಇಲ್ಲದೆ ಬರೆದಿದೆ, ಆರ್‌ಡಿಎನ್‌ಎ ಮೂಲದ್ದು ಅಂತ. ಜೀನ್ ಸೇರಿಸಿದ ಸೂಕ್ಷ್ಮಜೀವಿಯಿಂದ ಮಾಡಿದ್ದು. ಮೊದಲೆಲ್ಲ ಹಂದಿ, ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಅವ್ವನಿಗೆ ಅದನ್ನೆಲ್ಲ ಮೊದಲ ಸಲ ಬಿಡಿಸಿ ಹೇಳಿದೆ. ಸೆರಗು ಸರಿಮಾಡಿಕೊಂಡು ಪೂರ್ತಿ ಕೇಳಿದಳು.

"ಹಂಗಾರ ಇದ್ರಾಗ ಹಂದೀದು ಏನಿಲ್ಲಲ್ಲ?"

"ಇಲ್ಲಬೇ."

"ಮತ್ತ ಏನ್ ನೋಡ್ಕೋತ ಕುಂತಿ? ಚುಚ್ಚು. ಊಟ ಆರಾಕತ್ತೇತಿ."